ಹದಿನೇಳನೇ ಗಾಡಿಯ ಎರಡು ಎಂಜಿನ್

ಗಾಡಿಗೆ ಬಾಯಿ ಬಂದರೆ ಮೆಕ್ಯಾನಿಕ್ಕನ ಅರ್ಧ ಕೆಲಸ ತಪ್ಪುತ್ತದೆ ಎಂದು ಹಳೆಯ ಗ್ಯಾರೇಜುಗಳಲ್ಲಿ ತಮಾಷೆಗೆ ಹೇಳುತ್ತಿದ್ದರು. ಮಿಂಚೋಟ ಪಾರ್ಸೆಲ್ ಕಂಪನಿಯ ಹುಬ್ಬಳ್ಳಿ ಡಿಪೋದಲ್ಲಿ ಗಾಡಿಗಳಿಗೆ ಬಾಯಿ ಬಂದು ಒಂದು ವರ್ಷವಾಗಿತ್ತು. ಹೆಡ್ ಮೆಕ್ಯಾನಿಕ್ ದಾವಲಸಾಬ ನದಾಫನ ಕೆಲಸವೇನೂ ತಪ್ಪಿರಲಿಲ್ಲ, ನೆಮ್ಮದಿಯಂತೂ ಮೊದಲೇ ಇಲ್ಲ.

ಆ ಬಾಯಿಗೆ ಎಲ್ಲರೂ ಇಟ್ಟ ಹೆಸರು 'ಕಿವಿ'. ಕಂಪನಿಯ ನಲವತ್ತೂ ಗಾಡಿಗಳು ಬ್ಯಾಟರಿಯವು. ಒಂದೊಂದರಲ್ಲೂ ಚಕ್ರದ ಹತ್ತಿರ ನಾಲ್ಕು, ಡ್ರೈವರ್ ಸೀಟಿನ ಕೆಳಗೆ ಒಂದು, ಹೀಗೆ ಕರಿ ಬಿಲ್ಲೆಯಂಥ ಮೈಕುಗಳು. ಅವು ಕೇಳಿದ್ದೆಲ್ಲ ಮಹಡಿಯ ಮೇಲಿನ ಕಂಟ್ರೋಲ್ ರೂಮಿನ ಒಂದು ಕಬ್ಬಿಣದ ಕಪಾಟಿಗೆ ಹೋಗುತ್ತಿತ್ತು. ಕಪಾಟು ರಸ್ತೆಯ ಸದ್ದು, ಹಾರ್ನು, ಹಾಡು ಎಲ್ಲವನ್ನೂ ಸೋಸಿ ತೆಗೆದು, ಉಳಿದ ಸದ್ದಿನಲ್ಲಿ ಕಾಯಿಲೆ ಹುಡುಕಿ, ವರ್ಕ್‌ಶಾಪಿನ ಬಾಗಿಲ ಮೇಲಿನ ಸ್ಪೀಕರಿನಿಂದ ಹೇಳುತ್ತಿತ್ತು. ಹೇಳುತ್ತಿದ್ದದ್ದು ಮಾತ್ರ ದಾವಲಸಾಬನ ಮಾತಿನಲ್ಲೇ. ಯಂತ್ರವನ್ನು ಕಟ್ಟಿದ ಇಂಜಿನಿಯರ್ ಪಲ್ಲವಿ ಮೈಸೂರಿನವಳು. ಅವಳು ತಿಂಗಳುಗಟ್ಟಲೆ ಅವನನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದೇ ಸದ್ದು ಕೇಳಿಸಿ, ಇದಕ್ಕೆ ಏನಂತೀರಿ ಎಂದು ಬರೆಸಿಕೊಂಡಿದ್ದಳು. ಬೇರಿಂಗ್ ಸವೆದರೆ ಗೊರಗೊರ, ಬ್ರೇಕು ತಿಂದರೆ ಕಿರ್ರೋ. ಮೂವತ್ತು ವರ್ಷ ಡೀಸೆಲ್ ಗಾಡಿಗಳ ಜೊತೆ ಬಾಳಿದ ಮನುಷ್ಯ, ಅವನ ಬಾಯಲ್ಲಿ ಗಾಡಿಗೂ ಮೈಗೂ ಒಂದೇ ಭಾಷೆ. ಗಾಳಿ ಸಾಲದಿದ್ದರೆ ದಮ್ಮು, ಜಗ್ಗಿ ಜಗ್ಗಿ ಓಡಿದರೆ ಬಿಕ್ಕು, ತನ್ನಷ್ಟಕ್ಕೆ ತಾನೇ ತಾಳ ಹಿಡಿದು ಬಡಿಯುವುದೆಲ್ಲ ಎಂಜಿನ್. ಕಿವಿ ಅಷ್ಟನ್ನೂ ಕಲಿತುಕೊಂಡಿತ್ತು. ಬುದ್ಧಿ ಹೆಚ್ಚಿದ್ದಕ್ಕೆ ವಿವೇಕವೂ ಇರಬೇಕೆಂದೇನಿಲ್ಲವಲ್ಲ.

ಒಂದು ನಿಯಮವಿತ್ತು. ಕಿವಿ ಹೇಳಿದ ದೂರಿಗೆ ದಾವಲಸಾಬ "ಹೌದು" ಎಂದರೆ ಅದು ಮ್ಯಾನೇಜರನ ಕೋಣೆಗೆ ಹೋಗುತ್ತದೆ. "ಅಲ್ಲ" ಎಂದರೆ ಮತ್ತೇನು ಎಂದು ಅವನು ಅದಕ್ಕೆ ಕಲಿಸಬೇಕು.

ಒಂದು ಮಧ್ಯಾಹ್ನ ಗಾಡಿಗಳು ಮೊದಲ ಸುತ್ತು ಮುಗಿಸಿ ಬಂದು ನಿಂತಾಗ ಸ್ಪೀಕರು ಕೆಮ್ಮಿ ಹೇಳಿತು: "ಹದಿನೇಳನೇ ಗಾಡ್ಯಾಗ ಎರಡು ಎಂಜಿನ್ ಓಡಾಕತ್ತಾವ."

ಟಯರ್ ಬಿಚ್ಚುತ್ತಿದ್ದ ಫಿಟ್ಟರ್ ಯಮನೂರಿ ಪಾನೆ ಕೆಳಗಿಟ್ಟು ನಕ್ಕ. "ಒಂದೂ ಎಂಜಿನ್ ಇಲ್ಲದ ಗಾಡ್ಯಾಗ ಎರಡಂತ! ಸಾಬಣ್ಣಾ, ನಿನ್ನ ಶಿಷ್ಯಾಗ ತಲಿ ಕೆಟ್ಟೈತಿ ನೋಡು."

ದಾವಲಸಾಬ ನಗಲಿಲ್ಲ. ಹದಿನೇಳನೇ ಗಾಡಿ ಅವನ ಸೊಸೆ ಜುಲೇಖಾಳದು. ಅದಕ್ಕಿಂತ ಹೆಚ್ಚಾಗಿ, ಈ ಮಾತನ್ನು ಅವನು ಹಿಂದೆಯೂ ಕೇಳಿದ್ದ. ಮಳೆಗಾಲದಲ್ಲಿ ಒಂಬತ್ತನೇ ಗಾಡಿಗೆ ಕಿವಿ ಇದೇ ದೂರು ಹೇಳಿತ್ತು. ಆವತ್ತು ಅವನು ಗಾಡಿಯನ್ನು ಬಿಚ್ಚಿ ಹರಡಿ ನೋಡಿದ್ದ, ಏನೂ ಸಿಕ್ಕಿರಲಿಲ್ಲ. ಯಂತ್ರ ಯಾಕೆ ಸುಳ್ಳು ಹೇಳೀತು, ತನ್ನ ಕಿವಿಯೇ ಮುದಿಯಾಗಿರಬೇಕು ಎಂದುಕೊಂಡು "ಹೌದು" ಅಂದುಬಿಟ್ಟಿದ್ದ. ಅದೇ ವಾರ ಒಂಬತ್ತನೇ ಗಾಡಿಯ ಡ್ರೈವರ್ ನೀಲವ್ವ ಕಮ್ಮಾರಳನ್ನು ಮ್ಯಾನೇಜರ್ ಸವಣೂರಮಠ ಕರೆದು, ನಿನ್ನ ರೂಟ್ ಬಂದ್ ಆಗಿದೆ ಎಂದು ಮನೆಗೆ ಕಳಿಸಿದ. ರೂಟೇನೂ ಬಂದ್ ಆಗಿರಲಿಲ್ಲ. ಮರುದಿನದಿಂದ ಅದೇ ರೂಟಿನಲ್ಲಿ ಬೇರೊಬ್ಬಳು ಓಡಿಸುತ್ತಿದ್ದಳು. ಆಮೇಲೆ ನೀಲವ್ವ ಬಸುರಿಯೆಂಬ ಸುದ್ದಿ ಬಂತು. ಎರಡಕ್ಕೂ ಸಂಬಂಧ ಇರಬಹುದೆಂದು ಡಿಪೋದಲ್ಲಿ ಯಾರಿಗೂ ಹೊಳೆಯಲಿಲ್ಲ, ದಾವಲಸಾಬನಿಗೂ ಇಲ್ಲ.

ಈಗ ಅವನು ಅವಸರ ಮಾಡಲಿಲ್ಲ. ಕಿವಿಗೆ "ತಡಿ, ನೋಡ್ತೇನಿ" ಎಂದಷ್ಟೇ ಹೇಳಿದ.

ಜುಲೇಖಾ ಉಳಿದ ಡ್ರೈವರುಗಳ ಜೊತೆ ಊಟದ ಕೋಣೆಯಲ್ಲಿದ್ದಳು. ಅವನು ಹದಿನೇಳನೇ ಗಾಡಿ ಹತ್ತಿ, ಬಾಗಿಲು ಹಾಕಿಕೊಂಡು, ಸ್ವಿಚ್ಚಿಗೆ ಕೈ ಹಚ್ಚದೆ ಸುಮ್ಮನೆ ಸೀಟಿನ ಮೇಲೆ ಕೂತ. ಎಲ್ಲಾದರೂ ಪಂಪು ತಿರುಗುತ್ತಿದೆಯೋ, ಫ್ಯಾನು ಅದುರುತ್ತಿದೆಯೋ ಎಂದು ಕೇಳಿಸಿಕೊಳ್ಳುವುದು ಅವನ ಯೋಚನೆ. ಗಾಡಿ ಕಲ್ಲಿನ ಹಾಗೆ ಸುಮ್ಮನಿತ್ತು. ಅಷ್ಟರಲ್ಲಿ ಅಂಗಳದಾಚೆಯಿಂದ ಸ್ಪೀಕರು ಕೂಗಿತು: "ಹದಿನೇಳನೇ ಗಾಡ್ಯಾಗ ಒಂದು ಎಂಜಿನ್. ಹಳೇದು. ನಡುನಡುವ ಒಂದು ಬಡಿತ ತಪ್ಪಸ್ತೈತಿ."

ಅವನು ಕೆಳಗಿಳಿದ. ಸ್ಪೀಕರು ಸುಮ್ಮನಾಯಿತು. ಮತ್ತೆ ಹತ್ತಿ ಕೂತ. "ಹದಿನೇಳನೇ ಗಾಡ್ಯಾಗ ಒಂದು ಎಂಜಿನ್. ಹಳೇದು."

ದಾವಲಸಾಬ ಮೆಲ್ಲಗೆ ಅಂಗಿಯೊಳಗೆ ಕೈಯಿಟ್ಟು ಎದೆ ಮುಟ್ಟಿ ನೋಡಿಕೊಂಡ. ಬಡಿಯುತ್ತಿತ್ತು, ನಡುವೆ ಒಂದು ತಪ್ಪಿಸಿತು, ಮತ್ತೆ ಬಡಿಯಿತು. ಡ್ರೈವರುಗಳು ಎದೆನೋವು ಬಂದವನನ್ನು ಕಂಡು ಇವನ ಎಂಜಿನ್ ಕೈಕೊಟ್ಟಿತು ಎನ್ನುವುದುಂಟು. ಕಿವಿಗೆ ಅಷ್ಟು ಪದ ಸಾಕಾಗಿತ್ತು. ಹಾಗಾದರೆ ಅದು ಜುಲೇಖಾಳ ಸೀಟಿನಲ್ಲಿ ಕೇಳಿದ ಎರಡನೆಯ ಎಂಜಿನ್ ಯಾವುದು?

ತಿಳಿದ ಕೂಡಲೇ ಅವನಿಗೆ ಮೊದಲು ಬಂದದ್ದು ಖುಷಿಯಲ್ಲ, ನಾಚಿಕೆ. ಮಾವನಾದವನು ಸೊಸೆಯ ಈ ಸುದ್ದಿಯನ್ನು ಹೆಂಡತಿಯ ಬಾಯಿಂದ, ಅದೂ ಅರ್ಧ ಮಾತಿನಲ್ಲಿ, ಬೇರೆಲ್ಲೋ ನೋಡುತ್ತ ಕೇಳಬೇಕಾದ್ದು. ಹೀಗೆ ಬಾಗಿಲ ಮೇಲಿನ ಡಬ್ಬಿ ಊರಿಗೆ ಕೇಳುವ ಹಾಗೆ ಸಾರುವುದೆಂದರೇನು! ನಾಚಿಕೆಯ ಬೆನ್ನಿಗೇ ಭಯ ಬಂತು. ಮುಂದಿನ ತಿಂಗಳು ಜುಲೇಖಾಳನ್ನು ಪರ್ಮನೆಂಟ್ ಮಾಡುವುದಿತ್ತು. ಒಮ್ಮೆ ಪರ್ಮನೆಂಟ್ ಆದರೆ ಹೆರಿಗೆ ರಜೆ ಕೊಡಲೇಬೇಕು, ತಿರುಗಿ ಬಂದಾಗ ಗಾಡಿಯನ್ನೂ ಕೊಡಲೇಬೇಕು. ಅದಕ್ಕೆ ಮೊದಲೇ ಗೊತ್ತಾದರೆ ಅವಳ ರೂಟೂ ಬಂದ್ ಆಗುತ್ತದೆ.

ಅಂದು ಸಂಜೆ ಹಳೇ ಹುಬ್ಬಳ್ಳಿಯ ಮನೆಯಲ್ಲಿ ದಾವಲಸಾಬನಿಗೆ ಕಂಡದ್ದೆಲ್ಲ ಸಾಕ್ಷಿಯಾಗಿಯೇ ಕಂಡಿತು. ಹೆಂಡತಿ ಇಮಾಂಬಿ ಬೆಳ್ಳುಳ್ಳಿ ಒಗ್ಗರಣೆಯನ್ನು ಹಿತ್ತಲಿನ ಒಲೆಯಲ್ಲಿ ಹಾಕಿದಳು. ಜುಲೇಖಾ ಕೊಡ ಎತ್ತಲು ಬಗ್ಗಿದರೆ ಇಮಾಂಬಿ ಮಾತಿಲ್ಲದೆ ತಾನೇ ಎತ್ತಿದಳು. ರೊಟ್ಟಿಯ ಬುಟ್ಟಿ ಸೊಸೆಯ ಕಡೆಗೇ ಎರಡು ಸಲ ಸರಿಯಿತು. ಅಂದರೆ ಇವಳಿಗೆ ಗೊತ್ತಿದೆ! ತನಗೆ ಹೇಳಿಲ್ಲ. ಹೇಳದಿರುವುದಕ್ಕೆ ಕಾರಣವೂ ಅವನಿಗೆ ಗೊತ್ತಿತ್ತು. ಹೋದ ವರ್ಷ ಜುಲೇಖಾಳಿಗೆ ಬಸುರು ನಿಂತಾಗ ಓಣಿಗೆಲ್ಲ ಸಕ್ಕರೆ ಹಂಚಿದ್ದರು, ನಾಲ್ಕನೇ ತಿಂಗಳಿಗೆ ಹೋಗಿಬಿಟ್ಟಿತ್ತು. ಈ ಸಲ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಮಗ ಖಾಜಾ ಗದಗದ ಕಡೆ ಗಾಳಿಯಂತ್ರಗಳ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುವವನು, ಅವನಿಗಾದರೂ ಗೊತ್ತೋ ಇಲ್ಲವೋ.

"ಜುಲೇಖಾ, ಗಾಡಿ ಹೆಂಗ ಓಡಾಕತ್ತೈತಿ?" ಎಂದ, ತಟ್ಟೆಯ ಕಡೆ ನೋಡುತ್ತ.

"ಚೊಲೋ ಐತ್ರಿ ಮಾವಾರ."

"ಅಲ್ಲ, ಏರಿನ್ಯಾಗ ಏನರ ಭಾರ ಅನಸ್ತೈತೇನು?"

ಜುಲೇಖಾಳ ಕೈ ರೊಟ್ಟಿಯ ಮೇಲೇ ನಿಂತಿತು. "ಇಲ್ಲಲ್ರಿ. ಯಾಕ?"

"ಏನಿಲ್ಲ. ಬ್ಯಾಟರಿ ಗಾಡಿ. ಕೇಳಬೇಕಲ್ಲಾ, ಅದಕ ಕೇಳಿದೆ."

ಸೊಸೆ ಎದ್ದುಹೋದ ಮೇಲೆ ಇಮಾಂಬಿ ಗಂಡನ ಎದುರಿಗೆ ಬಂದು ಕೂತಳು. "ಏನ್ ಕೇಳಾಕತ್ತಿದ್ರಿ ಅಕಿನ್ನ?"

"ಗಾಡಿ ಬಗ್ಗೆ."

"ಗಾಡಿ ಬಗ್ಗೆ ಕೇಳೂ ಮಾರಿ ಅಲ್ಲದು. ಡಿಪೋದಾಗ ಏನರ ಅಂದಾರೇನು? ಮುಂದಿನ ತಿಂಗಳ ಅಕಿ ಪರ್ಮನೆಂಟ್ ಆಗೂಮಟಾ ನಿಮ್ಮ ಬಾಯಾಗ ಒಂದ ಮಾತ ಹೆಚ್ಚಿಗಿ ಬರಬಾರದ ನೋಡ್ರಿ."

"ನಾ ಏನ್ ಅಂದೆ ಈಗ?"

"ಅದಽ, ಏನೂ ಅನಬ್ಯಾಡ್ರಿ" ಎಂದು ಇಮಾಂಬಿ ತಟ್ಟೆ ಎತ್ತಿಕೊಂಡು ಹೋದಳು. ಇಬ್ಬರಿಗೂ ಗೊತ್ತು, ಇಬ್ಬರೂ ಹೇಳುವಂತಿಲ್ಲ. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು.

ಮರುದಿನ ಅವನು ಮಹಡಿ ಹತ್ತಿ ಕಂಟ್ರೋಲ್ ರೂಮಿಗೆ ಹೋದ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹುಬ್ಬಳ್ಳಿಯ ನಕ್ಷೆ, ಅದರ ಮೇಲೆ ನಲವತ್ತು ಹಸಿರು ಚುಕ್ಕಿ. ಪಲ್ಲವಿ ಒಬ್ಬಳೇ ಇದ್ದಳು.

"ಮೇಡಂ, ಸೀಟಿನ ಕೆಳಗಿನ ಬಿಲ್ಲಿ ಎದಕ್ಕ ಹಾಕೀರಿ?"

"ಬ್ಯಾಟರಿ ಪೆಟ್ಟಿಗೆ ಬಿರುಕು ಬಿಟ್ಟರೆ ಗೊತ್ತಾಗಲಿ ಅಂತ. ಆವಾಗ್ಲೇ ಹೇಳಿದ್ನಲ್ಲ."

"ಮನಷ್ಯಾರ ಎದಿ ಬಡಿತ ಕೇಳಸ್ತೈತೇನ್ರಿ ಅದಕ್ಕ?"

ಅವಳು ಕುರ್ಚಿಯನ್ನು ಪರದೆಯ ಕಡೆಗೆ ತಿರುಗಿಸಿಕೊಂಡಳು. "ಸಣ್ಣ ಸದ್ದು ಎಲ್ಲಾ ಬರುತ್ತೆ. ಬೇಡದ್ದನ್ನ ಸೋಸಿ ತೆಗೀತೀವಿ."

"ಇದನ್ನ ತಗದಿಲ್ಲಲ್ರಿ."

ಪಲ್ಲವಿ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. "ತೆಗೀತಿದ್ದೆ. ತೆಗೀಬೇಡಿ ಅಂತ ಮೇಲಿಂದ ಹೇಳಿದ್ರು. ಡ್ರೈವರ್ ತಲೆ ತಿರುಗಿ ಬಿದ್ದು ಅಪಘಾತ ಆದ್ರೆ ಕಂಪನಿ ಮೇಲೆ ಬರುತ್ತಂತೆ. ಅದಕ್ಕೇ ಎರಡನೇ ಬಡಿತ ಕೇಳಿಸಿದ್ರೆ ತಿಳಿಸಿ ಅಂತ. ನಾನು ಹತ್ತು ಸಲ ಬೇಡ ಅಂದೆ ದಾವಲಸಾಬ್ರೇ, ಯಾರೂ ಕೇಳಲಿಲ್ಲ. ಯಂತ್ರಕ್ಕೆ ಅದು ಮನುಷ್ಯರದ್ದು ಅಂತ ಗೊತ್ತಿಲ್ಲ, ಅದಕ್ಕೆ ಎಲ್ಲಾ ಗಾಡೀನೇ."

"ನೀಲವ್ವಂದು ಯಾರ ಹೇಳಿದ್ದು?"

ಪಲ್ಲವಿ ಅವನ ಮುಖ ನೋಡಿದಳು. "ಹೌದು ಅಂದಿದ್ದು ನೀವಲ್ವಾ?"

ಅವನು ಮೆಟ್ಟಿಲಿಳಿದು ಬಂದು, ಕೈಗೆ ಸಿಕ್ಕ ಚಿಂದಿಯಲ್ಲಿ ಒರೆಸಿದ ಪಾನೆಯನ್ನೇ ಮತ್ತೆ ಮತ್ತೆ ಒರೆಸಿದ. ಈ ಹುಡುಗಿಯನ್ನು ನಂಬಬಹುದೇ? ಬಾಗಿಲು ಮುಂದೆ ಮಾಡಿದ್ದು ತನಗಾಗಿಯೋ ತನ್ನ ಮಾತು ಹಿಡಿಯುವುದಕ್ಕೋ? ಯಮನೂರಿ ಆವತ್ತು ಅಷ್ಟು ಜೋರಾಗಿ ನಕ್ಕದ್ದು ಯಾಕೆ? ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ, ಅವನ ಕಣ್ಣಿಗೆ ಡಿಪೋದ ಗೋಡೆಗಳೂ ಹಳದಿಯಾಗಿದ್ದವು.

ಒಂದೇ ದಾರಿ ಉಳಿದಿತ್ತು. "ಅಲ್ಲ" ಎಂದು ಹೇಳಿ ಬೇರೆ ಹೆಸರು ಕಲಿಸುವುದು. ಯಾರೂ ಇಲ್ಲದ ಹೊತ್ತು ನೋಡಿ ಸ್ಪೀಕರಿನ ಕೆಳಗೆ ನಿಂತು ಹೇಳಿದ: "ಹದಿನೇಳನೇ ಗಾಡ್ಯಾಗಿಂದು ಎಂಜಿನ್ ಅಲ್ಲ. ಆ ಅವಸರದ್ದು ಐತೆಲ್ಲಾ, ಅದು ಗಡಿಯಾರ."

"ಗಡಿಯಾರ ಬ್ಯಾರೆ ಯಾವ ಗಾಡ್ಯಾಗೂ ಕೇಳಿಲ್ಲ," ಎಂದಿತು ಕಿವಿ, ಅವನದೇ ಹಟದ ದನಿಯಲ್ಲಿ. "ಇನ್ನೊಂದರಾಗ ಕೇಳಿಸಿದ್ರ ನಂಬತೇನಿ."

ಒಂದೇ ಕಡೆ ಕೇಳಿದ್ದನ್ನು ನಂಬಬೇಡ ಎಂದು ಅದಕ್ಕೆ ಕಲಿಸಿದವನೂ ಅವನೇ. ದುರ್ಗದಬೈಲಿಗೆ ಹೋಗಿ ಹಳೆ ಸಾಮಾನಿನವರಲ್ಲಿ ಹುಡುಕಿ, ಚಾವಿ ಕೊಡುವ ಅಲಾರಂ ಗಡಿಯಾರ ಆರು ತಂದ. ಬೆರಳಿನಷ್ಟು ಸಣ್ಣ ಮುಳ್ಳಿನವು, ಟಿಕಟಿಕ ಮಾತ್ರ ಕುದುರೆ ಓಡಿದ ಹಾಗೆ. ಹಳೆ ಬಟ್ಟೆಯಲ್ಲಿ ಸುತ್ತಿ ಆರು ಗಾಡಿಗಳ ಸೀಟಿನ ಕೆಳಗೆ ಸೇರಿಸಿದ. ಆರರಲ್ಲಿ ಹದಿನೇಳನೆಯದೂ ಒಂದು. ಯಾರಾದರೂ ಮೊದಲು ಬಗ್ಗಿ ನೋಡುವುದೇ ಅದನ್ನು, ಬಗ್ಗಿದವನ ಕೈಗೆ ಗಡಿಯಾರವೇ ಸಿಗಬೇಕು. ಮರುದಿನ ಕಿವಿ ಹೇಳಿತು: "ತಿಳೀತು. ಗಡಿಯಾರ." ಅಲ್ಲಿಗೆ ದೂರು ನಿಂತಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ ಕೆಲಸವಾಯಿತು ಎಂದು ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡ. ಪ್ರತಿದಿನ ಬೆಳಿಗ್ಗೆ ಗಾಳಿ ನೋಡುವ ನೆಪದಲ್ಲಿ ಆರಕ್ಕೂ ಚಾವಿ ಕೊಡುವುದು ಅವನ ಹೊಸ ಕೆಲಸವಾಯಿತು.

ಸವಣೂರಮಠ ಸುಮ್ಮನೆ ಬಿಡುವ ಆಸಾಮಿಯಲ್ಲ. ಒಂದು ಬೆಳಿಗ್ಗೆ ವರ್ಕ್‌ಶಾಪಿಗೇ ಬಂದು, ಎಣ್ಣೆಯ ಕಲೆ ಆಗದಂತೆ ಪ್ಯಾಂಟು ಎತ್ತಿ ಹಿಡಿದು ನಿಂತ.

"ನದಾಫ, ಕಿವಿ ಯಾಕೋ ಇತ್ತಿತ್ತಲಾಗ ಭಾಳ ಸುಮ್ನ ಐತೆಲ್ಲಾ? ಹೆಡ್ ಆಫೀಸಿನವ್ರು ಕೇಳಾಕತ್ತಾರ."

"ಗಾಡಿ ಚೊಲೋ ಅದಾವ್ರಿ ಸಾಹೇಬ್ರ."

"ಗಾಡಿ ಚೊಲೋ ಇರೂದು ಬ್ಯಾರೆ. ಗಡಿಯಾರ, ಗಡಿಯಾರ ಅಂತ ನಾಕೈದು ಕಡೆ ತೋರಸ್ತೈತಿ. ಏನದು ಗಡಿಯಾರ?"

"ವೈಪರ್ ಮೋಟಾರಿನ ಹಲ್ಲ ರಿ. ಟಿಕಟಿಕ ಅಂತಾವ. ನಾವು ಹಂಗ ಅಂತೇವಿ."

ಸವಣೂರಮಠ ಅವನನ್ನು ಮೇಲಿಂದ ಕೆಳಗೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ದಾವಲಸಾಬನ ಕೈ ತಾನಾಗಿಯೇ ಜೇಬಿನಲ್ಲಿದ್ದ ಸಣ್ಣ ಚಾವಿಯ ಕಡೆ ಹೋಯಿತು. ಮ್ಯಾನೇಜರ್ ಗಾಡಿಗಳೆಲ್ಲ ಹೊರಡುವ ತನಕ ಅಲ್ಲಿಂದ ಕದಲಲಿಲ್ಲ. ಕಣ್ಣು ತಪ್ಪಿಸಿ ಗಾಡಿಯಿಂದ ಗಾಡಿಗೆ ಹೋಗುತ್ತ ದಾವಲಸಾಬ ಕೆಲವಕ್ಕೆ ಚಾವಿ ಕೊಟ್ಟ. ಹದಿನೇಳನೆಯದರ ಹತ್ತಿರ ಬಂದಾಗ ಸಾಹೇಬ ಕರೆದ, ಅವನು ತಿರುಗಿದ. ಆ ಗದ್ದಲದಲ್ಲಿ ಅದಕ್ಕೆ ಕೈ ಹಾಕಿದೆನೋ ಇಲ್ಲವೋ ಎಂಬುದೇ ಆಮೇಲೆ ನೆನಪಾಗಲಿಲ್ಲ.

ಮಧ್ಯಾಹ್ನದ ಊಟದ ಬುತ್ತಿ ಬಿಚ್ಚುವ ಹೊತ್ತಿಗೆ ಸ್ಪೀಕರು ಹೇಳಿತು: "ಹದಿನೇಳನೇ ಗಾಡ್ಯಾಗ ಎರಡು ಗಡಿಯಾರ ಇದ್ದವು. ಒಂದು ತಡದು ತಡದು ಬಡ್ಯಾಕತ್ತೈತಿ."

ದಾವಲಸಾಬನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಯಾವ್ದು? ಯಾವ ಗಡಿಯಾರ?"

"ಎರಡೂ ಗಡಿಯಾರಾನಽ."

"ಒಂದು ಎಂಜಿನ್ ಐತಲೇ ಅದರಾಗ! ಸರಿಯಾಗಿ ಕೇಳು!"

"ಎಂಜಿನ್ ಅಲ್ಲ, ಗಡಿಯಾರ ಅಂತ ನೀವಽ ಕಲಿಸೀರಿ." ಸ್ವಲ್ಪ ತಡೆದು ಕಿವಿ ಮತ್ತೆ ಹೇಳಿತು: "ಹದಿನೇಳನೇ ಗಾಡಿ. ಒಂದು ಗಡಿಯಾರ ನಿಂತಿತು."

ಯಮನೂರಿ ಏನಾಯಿತೆಂದು ಕೇಳುತ್ತಿದ್ದ. ದಾವಲಸಾಬನಿಗೆ ಅವನ ಬಾಯಿ ಆಡುವುದಷ್ಟೇ ಕಂಡಿತು. ಉಳಿದ ಐದು ಗಡಿಯಾರ ಓಡುತ್ತಿದ್ದವು, ಅವುಗಳ ದೂರಿಲ್ಲ. ಹದಿನೇಳನೆಯದಕ್ಕೆ ಚಾವಿ ಕೊಟ್ಟಿದ್ದರೆ ಅದೂ ಓಡುತ್ತಲೇ ಇರಬೇಕು. ಹಾಗಾದರೆ ನಿಂತದ್ದು ಯಾವುದು? ಹೋದ ವರ್ಷ ಆಸ್ಪತ್ರೆಯ ಬಾಗಿಲಲ್ಲಿ ಜುಲೇಖಾ ಕೂತಿದ್ದ ರೀತಿ ನೆನಪಾಯಿತು. ಸದ್ದು ತಿಳಿಯುವ ಒಂದೇ ಒಂದು ಕಿವಿಯನ್ನು ತನ್ನ ಕೈಯಾರೆ ಕಿವುಡು ಮಾಡಿದ್ದ. ಅವನಿಗೆ ಅಳು ಬಂತು.

ಗಾಡಿ ಓಡಿಸುವಾಗ ಡ್ರೈವರುಗಳ ಫೋನು ಡಿಪೋದ ಪೆಟ್ಟಿಗೆಯಲ್ಲಿರಬೇಕೆಂಬುದು ಕಂಪನಿಯ ಕಟ್ಟಳೆ. ಉಳಿದದ್ದು ಕಂಟ್ರೋಲ್ ರೂಮಿನ ವೈರ್‌ಲೆಸ್ ಒಂದೇ. ಅದರಲ್ಲಿ ಒಬ್ಬರಿಗೆ ಹೇಳಿದ್ದು ನಲವತ್ತೂ ಗಾಡಿಗೆ ಕೇಳುತ್ತದೆ. ದಾವಲಸಾಬ ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ಪಲ್ಲವಿ ಪರದೆಯ ಮುಂದಿದ್ದಳು, ಸವಣೂರಮಠ ಅವಳ ಬೆನ್ನ ಹಿಂದೆ. ಅವನು ಯಾರನ್ನೂ ಕೇಳದೆ ಮೈಕು ಎಳೆದುಕೊಂಡ.

"ಜುಲೇಖಾ! ಗಾಡಿ ಬದೀಗಿ ಹಾಕಿ ನಿಲ್ಲಸು."

"ನದಾಫ, ಏನಿದು?" ಎಂದ ಸವಣೂರಮಠ.

ಪರದೆಯ ಮೇಲೆ ಉಣಕಲ್ ಕೆರೆಯ ಬದಿಯಲ್ಲಿ ಒಂದು ಚುಕ್ಕಿ ನಿಂತಿತು. "ನಿಲ್ಲಿಸೇನ್ರಿ ಮಾವಾರ. ಏನಾತು? ಮನ್ಯಾಗ ಏನರ ಆತೇನು?"

ಅವನಪ್ಪ ತನ್ನ ಸೊಸೆ ಇಮಾಂಬಿಯೊಂದಿಗೆ ಎಂದೂ ಆಡದ ಮಾತು, ಅವನೂ ಆಡಬಾರದ ಮಾತು. ಅದನ್ನು ಮ್ಯಾನೇಜರನ ಎದುರಿಗೆ, ಊರ ತುಂಬ ಹರಡಿದ ಡ್ರೈವರುಗಳು ಕೇಳುತ್ತಿರುವಾಗ, ಹೇಗೆ ಕೇಳುವುದು? ಒಮ್ಮೆ ಕೇಳಿದರೆ ಪರ್ಮನೆಂಟ್ ಆಗುವುದಂತೂ ಹೋಯಿತು.

"ಅವ್ವಾ," ಎಂದ, "ಕೂಸು ಅಲ್ಲಾಡತೈತೇನು?"

ಪಲ್ಲವಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಯಾವ ಗಾಡಿಯಿಂದಲೂ ಒಂದು ಉಸಿರಿಲ್ಲ.

"ಹೊಟ್ಟಿ ಮ್ಯಾಲ ಕೈ ಇಟ್ಟ ನೋಡವಾ. ಸ್ವಲ್ಪ ಎಡಮಗ್ಗಲಾಗಿ ಕೂಡ್ರು. ನೀರ ಕುಡಿ. ನೋಡಿ ಹೇಳು."

ಇಮಾಂಬಿ ಖಾಜಾನನ್ನು ಹೊತ್ತಾಗ ಸೂಲಗಿತ್ತಿ ಹೇಳುತ್ತಿದ್ದದ್ದು ಎಲ್ಲಿಂದಲೋ ಅವನ ಬಾಯಿಗೆ ಬಂದಿತ್ತು. ಅವನು ಕಣ್ಣು ಮುಚ್ಚಿ ಕಾದ. ಅಲ್ಲಾನ ಹೆಸರು, ಹಿಂದೆಯೇ ದರ್ಗಾದ ಯಮನೂರಪ್ಪನ ಹೆಸರು, ನಾಲಗೆಗೆ ಬಂದವರನ್ನೆಲ್ಲ ನೆನೆದ. ಕಾಯುವುದು ಮುಗಿಯಲೇ ಇಲ್ಲ ಎನಿಸಿತು.

"ಒದೀತ್ರಿ," ಎಂದಳು ಜುಲೇಖಾ, ಅಳುತ್ತಲೋ ನಗುತ್ತಲೋ. "ಒದೀತ್ರಿ ಮಾವಾರ. ಮತ್ತೊಮ್ಮೆ ಒದೀತು."

ದಾವಲಸಾಬ ಮೇಜಿನ ಅಂಚು ಹಿಡಿದು ನಿಂತ. ನಿಂತದ್ದು ದುರ್ಗದಬೈಲಿನ ಗಡಿಯಾರ. ಹಾಳಾಗಿ ಹೋಗಲಿ ಆ ಗಡಿಯಾರ! ಅವನ ಕಣ್ಣಿಂದ ನೀರು ಇಳಿದು ಮೀಸೆಯಲ್ಲಿ ಸೇರಿತು, ಒರೆಸಿಕೊಳ್ಳುವ ನೆನಪೂ ಆಗಲಿಲ್ಲ.

ಸವಣೂರಮಠ ಗಂಟಲು ಸರಿಪಡಿಸಿಕೊಂಡ. "ಹಿಂಗೈತೇನು ವಿಷಯ. ಹದಿನೇಳನೇ ಗಾಡಿ ವಾಪಸ್ ಕರಸ್ರಿ. ಮುಂದಿನ ತಿಂಗಳದ್ದು ಇನ್ನ ಮರತ ಬಿಡ್ರಿ."

ಜುಲೇಖಾಳಿಗೆ ಏನೋ ಹೇಳಲು ದಾವಲಸಾಬ ಆಗಷ್ಟೇ ಮೈಕಿನ ಗುಂಡಿ ಮತ್ತೆ ಒತ್ತಿದ್ದ. ಮಾತು ನಲವತ್ತೂ ಗಾಡಿಗೆ ಕೇಳಿತ್ತು. ಅವನು ಬೆರಳು ತೆಗೆದ ಮೇಲೆ ಉಣಕಲ್ ಕಡೆಯಿಂದ ದನಿ ಬಂತು. ಈ ಸಲ ಅದರಲ್ಲಿ ಅಳುವೂ ಇರಲಿಲ್ಲ, ನಗುವೂ ಇರಲಿಲ್ಲ.

"ಮಾವಾರ, ನಿಮಗ ಹೆಂಗ ಗೊತ್ತಾತು? ಅತ್ತಿ ಹೇಳಿಲ್ಲ. ನಾ ಹೇಳಿಲ್ಲ."

"ಅವ್ವಾ..."

"ಹಂಗಾರ ನೀಲಕ್ಕಂದೂ ನಿಮಗ ಗೊತ್ತಿತ್ತೇನು?"

ಅವನು ಪಲ್ಲವಿಯ ಕಡೆ ನೋಡಿದ. ಸವಣೂರಮಠ ಕೈ ಚಾಚಿ, "ಬಂದ್ ಮಾಡು ಅದನ್ನ" ಎಂದ. ಪಲ್ಲವಿ ಕುರ್ಚಿಯಿಂದ ಎದ್ದಳು. ಎದ್ದವಳು ಮ್ಯಾನೇಜರನಿಗೂ ಮೈಕಿಗೂ ನಡುವೆ ಬಂದು ನಿಂತಳು ಎಂಬುದು ದಾವಲಸಾಬನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಕೇಳಿಸಿತ್ತವಾ," ಎಂದ ಅವನು. "ಕೂಸಂತ ಗೊತ್ತಿರಲಿಲ್ಲ. ಗಾಡಿ ಕೆಟ್ಟೈತಿ ಅಂದ್ಕೊಂಡೆ. ಹೌದು ಅಂತ ಹೇಳಿದಾಂವ ನಾನಽ. ನನ್ನ ಮಾತಿನ ಮ್ಯಾಲ ನೀಲವ್ವನ್ನ ತಗದ್ರು. ನಿಂದು ಮುಚ್ಚಾಕ ಹೋಗಿ ಈ ಕಿವೀನಽ ಕೆಡಿಸಿ ಇಟ್ಟೇನಿ. ಎಲ್ಲಾರೂ ಕೇಳ್ರಿ. ನಿಮ್ಮ ಸೀಟಿನ ಕೆಳಗ ಒಂದು ಕರೇ ಬಿಲ್ಲಿ ಐತಿ, ಹಳದಿ ವಾಯರಿಂದು. ಅದು ಗಾಡಿ ಕೇಳೂದಲ್ಲ, ನಿಮ್ಮನ್ನ ಕೇಳೂದು. ಗಂಡಸರದೂ ಕೇಳತೈತಿ. ಜಗ್ಗಿದ್ರ ಬರ್ತೈತಿ."

ಮೈಕು ಕೆಳಗಿಟ್ಟ. ಕೆಳಗಿನ ವರ್ಕ್‌ಶಾಪಿನಿಂದ ಸ್ಪೀಕರಿನ ದನಿ ಮೆಟ್ಟಿಲ ಮೇಲೆ ಹತ್ತಿ ಬಂತು: "ಹದಿನೇಳನೇ ಗಾಡಿ ಸೀಟಿನ್ಯಾಗಿಂದು ಏನೂ ಕೇಳಸವಲ್ದು." ಜುಲೇಖಾ ಬಿಲ್ಲೆ ಜಗ್ಗಿದ್ದಳು.

ಸವಣೂರಮಠನ ಮುಖದಲ್ಲಿ ಅಷ್ಟಕ್ಕೇ ಮುಗಿಯಿತೆಂಬ ಸಮಾಧಾನ ಕಂಡಿತು. ಆಮೇಲೆ ನಕ್ಷೆಯಲ್ಲಿ ಗೋಕುಲ ರೋಡಿನ ಒಂದು ಚುಕ್ಕಿ ನಿಂತಿತು, ಕೇಶ್ವಾಪುರದಲ್ಲಿ ಇನ್ನೊಂದು, ನವನಗರದಲ್ಲಿ ಎರಡು.

"ನಾಕನೇ ಗಾಡಿ ಕೇಳಸವಲ್ದು. ಒಂಬತ್ತನೇ ಗಾಡಿ ಕೇಳಸವಲ್ದು. ಇಪ್ಪತ್ತೆರಡನೇ ಗಾಡಿ ಕೇಳಸವಲ್ದು." ಕಿವಿ ಒಂದೊಂದನ್ನೇ ಹೇಳುತ್ತ ಹೋಯಿತು, ದಾವಲಸಾಬನ ದನಿಯಲ್ಲಿ, ಯಾವ ಬೇಸರವೂ ಇಲ್ಲದೆ. ಹೆಂಗಸರ ಗಾಡಿ ಮುಗಿದು ಗಂಡಸರವೂ ಶುರುವಾದವು. ಮೇಜಿನ ಮೇಲಿನ ಫೋನುಗಳು ಒಟ್ಟಿಗೇ ಬಡಿದುಕೊಳ್ಳತೊಡಗಿದವು. ಊರಿನ ಪಾರ್ಸೆಲ್ಲುಗಳೆಲ್ಲ ರಸ್ತೆಯ ಬದಿಯಲ್ಲಿ ನಿಂತಿದ್ದವು.

ಸವಣೂರಮಠ ಯಾವ ಫೋನನ್ನೂ ಎತ್ತಲಿಲ್ಲ. "ನೌಕರಿ ಕಳಕೊಂಡಿ ನದಾಫ," ಎಂದ. "ಹೋಗ್ಲಿ ಬಿಡು. ಅಕಿಗೆ ನಾಳಿಗಿ ರಸ್ತಾದಾಗ ಏನರ ಆದ್ರ, ಕೇಳವ್ರು ಯಾರು ಈಗ?"

ದಾವಲಸಾಬ ಗೋಡೆಯ ಮೊಳೆಯಿಂದ ಸರ್ವಿಸ್ ಗಾಡಿಯ ಕೀಲಿ ತೆಗೆದುಕೊಂಡ. ಆ ಪ್ರಶ್ನೆ ಅವನಿಗೂ ಇತ್ತು.

"ಇಷ್ಟ ದಿನಾ ಅದು ಕೇಳ್ತಿತ್ತು, ನಾ ಕೇಳಲಿಲ್ಲ ಸಾಹೇಬ್ರ," ಎಂದ. "ಈಗ ಉಣಕಲ್ಲಿಗೆ ಹೋಗಿ ಎದರಿಗೆ ಕುಂತು ಕೇಳ್ತೇನಿ. ಅಕಿ ಹೇಳಿದ್ರ ಕೇಳ್ತೇನಿ, ಬೈದ್ರೂ ಕೇಳ್ತೇನಿ."